ಸಂಧ್ಯಾ, ಗುಂಡನಿಗೆ ಆ ಮಾತ್ರೆ ಕೊಡಬೇಡ

ಸಂಧ್ಯಾ, ದೇವರಿಗೆ ದೀಪ ಹಚ್ಚಿ ಬಂದು ಫೋನ್ ತೆಗೆದೆ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜೇ ಮೊದಲು ಕಂಡಿತು. ನಿನ್ನ ಬೆಕ್ಕು ಗುಂಡ ನಿನ್ನೆಯಿಂದ ಏನೂ ತಿಂದಿಲ್ಲ, ಮೈ ಸುಡುತ್ತಿದೆ, ಕುಂಟುತ್ತಾ ಹೋಗಿ ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ, ನಾಳೆ ಭಾನುವಾರ, ನಿಮ್ಮ ಡಾಕ್ಟರ್ ಸಿಗುವುದಿಲ್ಲ, ಪ್ಯಾರಾಸಿಟಮಾಲ್ ಮಾತ್ರೆ ಡೋಲೊ 650ರಲ್ಲಿ ಕಾಲು ಭಾಗ ಕೊಡಲಾ ಅಂತ ಕೇಳಿದ್ದೀಯ. ಅದರ ಕೆಳಗೆ ನಮ್ಮ ರಾಘು, 'ಕೊಡು, ಏನೂ ಆಗಲ್ಲ, ನಮ್ಮ ಟೈಗರ್‌ಗೆ ಕೊಟ್ಟಿದ್ವಿ' ಅಂತ ಬರೆದಿದ್ದಾನೆ. ಕೊಡಬೇಡ ಮಗಾ. ಕಾಲು ಭಾಗವೂ ಬೇಡ, ಚೂರೂ ಬೇಡ. 'ಕೊಟ್ಟಿಲ್ಲ ದೊಡ್ಡಮ್ಮ' ಅಂತ ಮೊದಲು ಒಂದು ಮಾತು ಬರೆದು ಹಾಕು, ಉಳಿದದ್ದು ಆಮೇಲೆ ಓದು. ವಾಯ್ಸ್ ಮೆಸೇಜು ಕಳಿಸಿದರೆ ನೀವ್ಯಾರೂ ಪೂರ್ತಿ ಕೇಳುವುದಿಲ್ಲ. ಅದಕ್ಕೆ ನಾನು ಮಾತಾಡುತ್ತಾ ಹೋಗುತ್ತೇನೆ, ಮೊಮ್ಮಗ ಕೂತು ಬರೆಯುತ್ತಿದ್ದಾನೆ.

ಕೆಂಚನ ನೆನಪು ನಿಮ್ಮಲ್ಲಿ ದೊಡ್ಡವರಿಗಾದರೂ ಇರಬೇಕು. ಕೆಂಪು ಪಟ್ಟೆಯ ಗಂಡು ಬೆಕ್ಕು, ಒಂದು ಕಿವಿ ಹರಿದಿತ್ತು. ನಾನು ಹಾಲು ಕರೆಯಲು ಕೂತರೆ ಕೊಟ್ಟಿಗೆ ಬಾಗಿಲಲ್ಲಿ ಬಾಯಿ ತೆರೆದು ಕೂರುತ್ತಿದ್ದ. ಕೆಚ್ಚಲಿನಿಂದ ನೇರ ಅವನ ಬಾಯಿಗೆ ಒಂದು ಸಲ ಚಿಮ್ಮಿಸಬೇಕು, ಇಲ್ಲದಿದ್ದರೆ ಜಾಗ ಬಿಡುತ್ತಿರಲಿಲ್ಲ. ಹಳೇಮನೆಯ ಬಚ್ಚಲೊಲೆ ಪಕ್ಕದ ಕಟ್ಟೆ ಅವನದೇ.

1997ರ ಆಷಾಢ. ಮಳೆ ಹಿಡಿದರೆ ವಾರಗಟ್ಟಲೆ ಬಿಡುತ್ತಿರಲಿಲ್ಲವಲ್ಲ, ಅಂಥ ಮಳೆ. ಎರಡು ದಿನ ಕಾಣೆಯಾಗಿದ್ದ ಕೆಂಚ ಮೂರನೇ ದಿನ ಒದ್ದೆಯಾಗಿ ಬಂದ. ಈಗ ನೀನು ಗುಂಡನ ಬಗ್ಗೆ ಬರೆದಿದ್ದೀಯಲ್ಲ, ಥೇಟು ಹಾಗೇ. ಹಾಲು ಮುಟ್ಟಲಿಲ್ಲ. ಮೈ ಬೆಂಕಿ. ಮುಟ್ಟಿದರೆ ಗುರ್ ಅನ್ನುತ್ತಿದ್ದ. ನಿಮ್ಮ ದೊಡ್ಡಪ್ಪ ಶಿವಮೊಗ್ಗಕ್ಕೆ ಹೋಗಿದ್ದರು. ಮಕ್ಕಳಿಗೆ ಜ್ವರ ಬಂದರೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆ ಗೂಡಿನಲ್ಲಿತ್ತು, 500ರದ್ದು. ಮಕ್ಕಳಿಗೆ ಅರ್ಧ ಕೊಡುತ್ತೇವೆ, ಇವನಿಗೂ ಅರ್ಧ ಸಾಕು ಅಂತ ನಾನೇ ಲೆಕ್ಕ ಹಾಕಿದೆ. ಪುಡಿ ಮಾಡಿ ತುಪ್ಪದಲ್ಲಿ ಕಲಸಿ ಮೂತಿಗೆ ಹಚ್ಚಿದೆ. ಬೆಕ್ಕು ಮೂತಿಗೆ ಹತ್ತಿದ್ದನ್ನು ನೆಕ್ಕದೇ ಬಿಡುವುದಿಲ್ಲ. ಪೂರ್ತಿ ನೆಕ್ಕಿದ. ರಾತ್ರಿ ಒಂಬತ್ತು ಗಂಟೆ ಇರಬಹುದು. ಒಳ್ಳೇದಾಯಿತು, ಬೆಳಿಗ್ಗೆಗೆ ಜ್ವರ ಬಿಡುತ್ತದೆ ಅಂತ ಮಲಗಿದೆ.

ಬೆಳಿಗ್ಗೆ ಒಲೆ ಹಚ್ಚಲು ಹೋದರೆ ಕಟ್ಟೆ ಮೇಲೆ ಇಲ್ಲ. ಸೌದೆ ರಾಶಿ ಹಿಂದೆ ಇದ್ದ. ಎಳೆದುಕೊಂಡೆ. ಮುಖ ಊದಿತ್ತು ಸಂಧ್ಯಾ. ಕಣ್ಣು ಸಣ್ಣಗಾಗುವಷ್ಟು ಊದಿತ್ತು, ಮುಂಗಾಲಿನ ಪಾದ ಎರಡೂ ಊದಿದ್ದವು. ಬಾಯಿ ತೆರೆದುಕೊಂಡು ಉಸಿರು ಎಳೆಯುತ್ತಿದ್ದ, ನಾಯಿ ತೇಕುತ್ತದಲ್ಲ ಹಾಗೆ. ಬೆಕ್ಕು ಹಾಗೆ ಉಸಿರಾಡುವುದನ್ನು ನಾನು ಅಲ್ಲಿವರೆಗೆ ನೋಡಿರಲಿಲ್ಲ. ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣ ಇರಬೇಕಾದ ಒಸಡು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

ಬುಟ್ಟಿಯಲ್ಲಿ ಹಳೇ ಸೀರೆ ಹಾಸಿ ಮಲಗಿಸಿಕೊಂಡು ಎಂಟು ಗಂಟೆ ಬಸ್ಸಿಗೆ ಪೇಟೆಗೆ ಹೋದೆ. ಅಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, 'ಏನಮ್ಮ ಕೊಟ್ಟಿರಿ?' ನಾನು, 'ಏನೂ ಕೊಟ್ಟಿಲ್ಲ' ಅಂದೆ. ಯಾಕೆ ಹಾಗಂದೆ ಅಂತ ಇವತ್ತಿಗೂ ಕೇಳಿಕೊಳ್ಳುತ್ತೇನೆ. ಬೈದಾರು ಅನ್ನೋ ಹೆದರಿಕೆ. ಅವರು ಹಾವು ಕಚ್ಚಿದೆಯಾ, ಇಲಿ ಪಾಷಾಣ ತಿಂದಿದೆಯಾ ಅಂತ ಹುಡುಕುತ್ತಾ ಹೋದರು. ಅರ್ಧ ಗಂಟೆ ಹಾಗೇ ಹೋಯಿತು. ಆಮೇಲೆ ಸೂಜಿಯಲ್ಲಿ ರಕ್ತ ತೆಗೆದು ಬಿಳಿ ಹತ್ತಿ ಮೇಲೆ ಒಂದು ಹನಿ ಬಿಟ್ಟರು. ಕೆಂಪಾಗಿರಲಿಲ್ಲ, ಕಂದು ಬಣ್ಣ. ಅದನ್ನು ನನಗೆ ತೋರಿಸಿ, ಮೆತ್ತಗೆ, 'ಜ್ವರದ ಮಾತ್ರೆ ಕೊಟ್ಟಿರಾ ತಾಯಿ?' ಅಂದರು. ಆಗ ಅತ್ತುಬಿಟ್ಟೆ.

ಅವರೇ ಬಿಡಿಸಿ ಹೇಳಿದರು. ನಾವು ಆ ಮಾತ್ರೆ ನುಂಗಿದರೆ ನಮ್ಮ ಲಿವರ್ ಅದನ್ನು ಪಳಗಿಸಿ ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರಿಗೆ ಆ ಶಕ್ತಿ ತೀರಾ ಕಡಿಮೆ. ಅದು ಒಳಗೇ ಉಳಿದು ವಿಷವಾಗುತ್ತದೆ, ರಕ್ತ ಆಕ್ಸಿಜನ್ ಹೊರುವುದನ್ನೇ ಬಿಟ್ಟುಬಿಡುತ್ತದೆ. ಬೆಕ್ಕು ಉಸಿರಾಡುತ್ತಲೇ ಉಸಿರು ಕಟ್ಟುತ್ತದೆ. ಅದಕ್ಕೆ ಎದುರು ಔಷಧಿ ಇದೆ, ಅಸಿಟೈಲ್ ಸಿಸ್ಟೀನ್ ಅಂತ. ಅವತ್ತು ಅವರ ಹತ್ತಿರ ಇರಲಿಲ್ಲ. ತಮ್ಮ ಕೈಲಾದದ್ದು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಕೆಂಚ ಹೋದ. ಅದೇ ಬುಟ್ಟಿಯಲ್ಲಿ ಮನೆಗೆ ತಂದೆ.

ಈಗ ನಿನ್ನ ಲೆಕ್ಕ ನೋಡು. ಕೆಲವು ಬೆಕ್ಕುಗಳಿಗೆ ಕಿಲೋಗೆ 10 ಮಿಲಿಗ್ರಾಂ ಹೋದರೂ ವಿಷವಾಗಿದ್ದುಂಟು. 650ರಲ್ಲಿ ಕಾಲು ಅಂದರೆ 160 ದಾಟುತ್ತದೆ. ಗುಂಡ ಎಷ್ಟಿದ್ದಾನು, ನಾಲ್ಕು ಕಿಲೋ? ಕಿಲೋಗೆ 40 ಆಯಿತು. ಕಾಲು ಅಂದರೆ ಸಣ್ಣದು ಅಂತ ನಮ್ಮ ಕಣ್ಣಿಗೆ ಕಾಣುತ್ತದೆ ಅಷ್ಟೇ. ಮಕ್ಕಳಿಗೆ ಕೊಡುವ ಸಿರಪ್ಪೂ ಅದೇ ಔಷಧಿ, ಅದೂ ಬೇಡ.

ರಾಘು, ನಿನಗೂ ಹೇಳುತ್ತೇನೆ. ಟೈಗರ್ ನಾಯಿ, ಗುಂಡ ಬೆಕ್ಕು. ನಾಯಿ ತಡೆದುಕೊಂಡಿದ್ದು ಬೆಕ್ಕು ತಡೆಯುವುದಿಲ್ಲ. ನಾಯಿಗೂ ಜಾಸ್ತಿಯಾದರೆ ಲಿವರ್ ಕೆಡುತ್ತದೆ. ನಮ್ಮ ಮಂಡಿನೋವಿನ ಮಾತ್ರೆಗಳು, ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಅಂತ ಬರುತ್ತವಲ್ಲ, ಅವು ನಾಯಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಡೈಕ್ಲೋಫಿನ್ಯಾಕ್ ಕತೆ ನಿಮಗೆ ಗೊತ್ತಲ್ವಾ? ದನಕ್ಕೆ ನೋವು ಹೋಗಲಿ ಅಂತ ಕೊಡುತ್ತಿದ್ದರು. ಆ ದನ ಸತ್ತ ಮೇಲೆ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಲುಸಾಲಾಗಿ ಸತ್ತವು. 2006ರಲ್ಲಿ ಸರ್ಕಾರ ದನಗಳಿಗೆ ಅದನ್ನು ಕೊಡುವುದನ್ನೇ ನಿಷೇಧ ಮಾಡಿತು. ಉಳಿದ ಹದ್ದುಗಳನ್ನಾದರೂ ಕಾಪಾಡೋಣ ಅಂತ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿದರು. ದನಕ್ಕೆ ಔಷಧಿ, ಹದ್ದಿಗೆ ವಿಷ. ನಮಗೆ ಔಷಧಿ, ಬೆಕ್ಕಿಗೆ ವಿಷ. ಹಾಗಾಗಿ ಸಂಧ್ಯಾ, ಇನ್ನೊಂದು ಸಲ ಹೇಳುತ್ತೇನೆ, ಆ ಮಾತ್ರೆ ಕೊಡಬೇಡ. ಯಾರು ಏನೇ ಹೇಳಲಿ, ಕೊಡಬೇಡ.

ಇಷ್ಟು ಹೇಳಿದ ಮೇಲೆ ಮನಸ್ಸಿನಲ್ಲಿ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಅವತ್ತು ಬೆಳಿಗ್ಗೆ ಜೀಪು ಅಂಗಳದಲ್ಲೇ ಇತ್ತು. ಮೇಲೆ ತಾಡಪಾಲು ಹೊದಿಸಿ ನಿಲ್ಲಿಸಿದ್ದರು. ಆರು ಗಂಟೆಗೆ ಹೊರಟಿದ್ದರೆ ಆರೂವರೆಗೆ ಡಾಕ್ಟರ ಮನೆ ಬಾಗಿಲಲ್ಲಿ ಇರುತ್ತಿದ್ದೆ. ಕೇಳಿದೆ. 'ಬೆಕ್ಕಿಗೆಲ್ಲ ಜೀಪಾ?' ಅಂದರು ಭಾವ. ಈಗ ಅವರಿಲ್ಲ, ದೊಡ್ಡವರು, ಅವರ ಬಗ್ಗೆ ಜಾಸ್ತಿ ಆಡುವುದಿಲ್ಲ. ಆದರೆ ಆ ಮನೆಯಲ್ಲಿ ಒಬ್ಬರಾದರೂ ನನ್ನ ಪರ ಒಂದು ಮಾತು ಆಡಬಹುದಿತ್ತು. ಕೊಡೆ ಹಿಡಿದುಕೊಂಡು, ಬುಟ್ಟಿ ಎದೆಗೆ ಒತ್ತಿಕೊಂಡು, ಆ ಕೆಸರಿನಲ್ಲಿ ಬಸ್ ಸ್ಟಾಪಿನ ತನಕ ಒಬ್ಬಳೇ ನಡೆದೆ.

ಅದಾದರೂ ಹೋಗಲಿ. ಮುಂದಿನ ಮಾಘದಲ್ಲಿ ವಿಶಾಲಿಯ ಸೀಮಂತ. ಮನೆ ತುಂಬ ಜನ. ನಾನು ಆರತಿ ತಟ್ಟೆ ಎತ್ತಿಕೊಳ್ಳುವ ಹೊತ್ತಿಗೆ ಹಿಂದಿನಿಂದ ಯಾರೋ, 'ಬೆಕ್ಕು ಕೊಂದವರು ಕಾಶಿಗೆ ಹೋಗಿ ಚಿನ್ನದ ಬೆಕ್ಕು ದಾನ ಕೊಡಬೇಕಂತೆ, ಆಮೇಲೆ ಆರತಿ' ಅಂದರು. ಎಲ್ಲರೂ ನಕ್ಕರು. ವಿಶಾಲೀ, ನೀನೂ ನಕ್ಕೆ. ನೀನು ಈ ಗ್ರೂಪಿನಲ್ಲೇ ಇದ್ದೀಯ, ಓದು, ಬೇಜಾರು ಮಾಡಿಕೊಳ್ಳಬೇಡ. ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ನಾನು ತಟ್ಟೆ ಕೆಳಗಿಟ್ಟು ಅಡುಗೆಮನೆಗೆ ಹೋದೆ, ಯಾರೂ ಹಿಂದೆ ಬರಲಿಲ್ಲ. ಆ ಬೆಕ್ಕು ಇದ್ದಾಗ ಮೆತ್ತಿನ ಮೇಲಿನ ಭತ್ತಕ್ಕೆ ಇಲಿ ಮುಟ್ಟಿರಲಿಲ್ಲ, ಅದು ಯಾರಿಗೂ ನೆನಪಿಲ್ಲ. ಅದು ಸತ್ತ ಮೇಲೆ ಇನ್ನೊಂದು ಮರಿ ತರುತ್ತೇನೆ ಅಂದರೆ 'ನಿನ್ನ ಕೈಗೆ ಬೆಕ್ಕು ಆಗಿ ಬರಲ್ಲ' ಅಂತ ತರಲೂ ಬಿಡಲಿಲ್ಲ. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಗೇಲಿ ಮಾಡಿದವರು ಬೇಕಾದಷ್ಟು ಜನ. ಅಷ್ಟು ಜನರಲ್ಲಿ ಒಬ್ಬರೂ ಆ ಮಾತ್ರೆಯ ವಿಷಯ ಮಕ್ಕಳಿಗೆ ಹೇಳಿಕೊಡಲಿಲ್ಲ. ಹೇಳಿದ್ದರೆ ರಾಘು ಇವತ್ತು ಹಾಗೆ ಬರೆಯುತ್ತಿದ್ದನಾ?

ಅಯ್ಯೋ, ಮೊಮ್ಮಗ ಗಡಿಯಾರ ತೋರಿಸುತ್ತಿದ್ದಾನೆ. ಮೊದಲು ಹೇಳಬೇಕಿದ್ದದ್ದೇ ಉಳಿದುಹೋಯಿತು.

ಅವತ್ತು ಡಾಕ್ಟರು ಕೆಂಚನ ಬಾಲದ ಬುಡದ ಕೂದಲು ಕತ್ತರಿಸಿ ತೋರಿಸಿದ್ದರು. ಅಲ್ಲಿ ಎರಡು ಸಣ್ಣ ತೂತು, ಹಲ್ಲಿನದ್ದು. ಇನ್ನೊಂದು ಗಂಡು ಬೆಕ್ಕಿನ ಜೊತೆ ಜಗಳ ಆಡಿ ಕಚ್ಚಿಸಿಕೊಂಡಿದ್ದ. ಮೇಲೆ ಚರ್ಮ ಮುಚ್ಚಿಕೊಂಡು ಒಳಗೆ ಕೀವು ತುಂಬಿತ್ತು, ಜ್ವರ ಅದರದ್ದು. ಕೀವು ತೆಗೆದು ಆಂಟಿಬಯೋಟಿಕ್ ಕೊಟ್ಟಿದ್ದರೆ ನಾಲ್ಕೈದು ದಿನದಲ್ಲಿ ಎದ್ದು ಓಡಾಡುತ್ತಿದ್ದ ಅಂದರು. ಗುಂಡನೂ ಬಾಲ್ಕನಿ ಹಾರಿ ಹೊರಗೆ ಹೋಗುತ್ತಾನೆ ಅಂತ ಹೋದ ತಿಂಗಳು ನೀನೇ ಹೇಳಿದ್ದೆ. ಕುಂಟುತ್ತಿದ್ದಾನೆ ಬೇರೆ. ದಪ್ಪ ಟವೆಲ್ಲಿನಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಬಾಲದ ಬುಡ, ಕಾಲು, ಕತ್ತು ಮೆಲ್ಲಗೆ ಸವರಿ ನೋಡು. ಎಲ್ಲಾದರೂ ಬಿಸಿಯಾಗಿ ಉಬ್ಬಿದೆಯಾ, ಕೂದಲು ಅಂಟಿಕೊಂಡಿದೆಯಾ, ವಾಸನೆ ಬರುತ್ತದಾ ನೋಡು. ಇದ್ದರೆ ಹಿಂಡಬೇಡ. ಡೆಟ್ಟಾಲ್ ಹಚ್ಚಬೇಡ, ಅದನ್ನು ನೆಕ್ಕಿದರೆ ಬೆಕ್ಕಿಗೆ ವಿಷ. ಅವನು ನಿನಗೆ ಕಚ್ಚಿದರೆ, ಪರಚಿದರೆ, ನಲ್ಲಿ ನೀರು ಬಿಟ್ಟು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗು. ನಮ್ಮ ಮನೆ ಬೆಕ್ಕು ತಾನೇ ಅಂತ ಸುಮ್ನೆ ಇರಬೇಡ. ಅವನ ರೇಬಿಸ್ ಲಸಿಕೆ ಚೀಟಿ ಎಲ್ಲಿದೆ ಹುಡುಕಿಡು.

ಥರ್ಮಾಮೀಟರ್ ಇದ್ದರೆ ಇನ್ನೊಂದು ವಿಷಯ. ಬೆಕ್ಕಿನ ಮೈ ನಮ್ಮದಕ್ಕಿಂತ ಬಿಸಿ. 101, 102 ಫ್ಯಾರನ್‌ಹೀಟ್ ಅದಕ್ಕೆ ಮಾಮೂಲಿ. ಮುಟ್ಟಿ ನೋಡಿ ಜ್ವರ ಅಂತ ಹೇಳಲಾಗುವುದಿಲ್ಲ.

ಮರಳಿನ ಡಬ್ಬಿ ನೋಡಿದೆಯಾ? ಇವತ್ತು ಮೂತ್ರ ಮಾಡಿದ್ದಾನಾ? ಗಂಡು ಬೆಕ್ಕು ಡಬ್ಬಿಗೆ ಹೋಗಿ ಹೋಗಿ ತಿಣುಕಿ, ಹನಿಯೂ ಬಾರದೆ ಎದ್ದು ಬರುತ್ತಿದ್ದರೆ ಮೂತ್ರ ಕಟ್ಟಿದೆ ಅಂತ ಅರ್ಥ. ಹಾಗಿದ್ದರೆ ಬೆಳಗಿನ ತನಕ ಕಾಯಬೇಡ, ಈ ರಾತ್ರಿಯೇ ಹೋಗಬೇಕು. ಬಾಯಿ ತೆರೆದು ಉಸಿರಾಡಿದರೂ ಅಷ್ಟೇ, ಒಸಡು ಬಿಳಿಚಿದರೂ ಕಂದಾದರೂ ಅಷ್ಟೇ. ಇದ್ಯಾವುದೂ ಇಲ್ಲ ಅಂದರೆ ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗು. ಭಾನುವಾರ ಅಂತ ಸೋಮವಾರಕ್ಕೆ ತಳ್ಳಬೇಡ. ಬೆಕ್ಕು ಎರಡು ಮೂರು ದಿನ ತಿನ್ನದೇ ಇದ್ದರೆ ಲಿವರಿಗೆ ಕೊಬ್ಬು ಏರಿ ಅದೇ ಬೇರೆ ಕಾಯಿಲೆಯಾಗುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಹಗಲು ತೆರೆದಿರುವ ಪ್ರಾಣಿಗಳ ಆಸ್ಪತ್ರೆಗಳಿವೆ, ನಮ್ಮ ಕಾಲದ ಹಾಗಲ್ಲ. ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆಯೂ ಇದೆ. ಎಲ್ಲಿಗೇ ಆಗಲಿ ಮೊದಲು ಫೋನ್ ಮಾಡಿ ಕೇಳಿಕೊಂಡು ಹೊರಡು.

ಅಲ್ಲಿವರೆಗೆ ನೀರು ಹತ್ತಿರ ಇಡು. ಕೋಳಿ ಬೇಯಿಸಿದ ನೀರು ಉಗುರು ಬೆಚ್ಚಗೆ ಇಟ್ಟು ನೋಡು, ಈರುಳ್ಳಿ ಬೆಳ್ಳುಳ್ಳಿ ಹಾಕಬೇಡ, ಅದೂ ಬೆಕ್ಕಿನ ರಕ್ತ ಕೆಡಿಸುತ್ತದೆ. ಬಾಯಿಗೆ ಬಲವಂತವಾಗಿ ಹುಯ್ಯಬೇಡ. ಟೈಗರ್‌ಗೆ ಉಣ್ಣಿ ಹೋಗಲಿ ಅಂತ ಬೆನ್ನಿಗೆ ಬಿಡುವ ಔಷಧಿ ಇದೆ, ಕಳಿಸುತ್ತೇನೆ ಅಂತ ರಾಘು ಅಂದರೆ ಅದೂ ಬೇಡ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಫಿಟ್ಸ್ ಬರುತ್ತದೆ.

ಇಷ್ಟರಲ್ಲಿ ನೀನು ಆ ಕಾಲು ಮಾತ್ರೆ ಕೊಟ್ಟೇಬಿಟ್ಟಿದ್ದರೆ, ಮಗಾ, ನನಗೆ ಉತ್ತರ ಬರೆಯುತ್ತಾ ಕೂರಬೇಡ. ಅವನು ಚೆನ್ನಾಗಿ ಕಂಡರೂ ಈಗಲೇ ಆಟೋ ಹತ್ತು. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡ. ಮಾತ್ರೆಯ ಸ್ಟ್ರಿಪ್ ಜೊತೆಗೆ ತೆಗೆದುಕೊಂಡು ಹೋಗು. ಎಷ್ಟು ಕೊಟ್ಟೆ, ಎಷ್ಟು ಗಂಟೆಗೆ ಕೊಟ್ಟೆ, ಬಾಗಿಲಲ್ಲೇ ಹೇಳು. ಅಸಿಟೈಲ್ ಸಿಸ್ಟೀನ್ ಇದೆಯಾ ಅಂತ ಹೊರಡುವ ಮೊದಲೇ ಫೋನಿನಲ್ಲಿ ಕೇಳು. ಬೈದರೆ ಬೈಯಲಿ.

ನಾನು ಫೋನ್ ದಿಂಬಿನ ಹತ್ತಿರವೇ ಇಟ್ಟುಕೊಂಡಿರುತ್ತೇನೆ. ಎಷ್ಟು ಹೊತ್ತಾದರೂ ಸರಿ, ಒಸಡು ಯಾವ ಬಣ್ಣ ಇದೆ ನೋಡಿ ಫೋನ್ ಮಾಡು.