ಕ್ಯೂರಿಂಗ್ ವರ್ಕ್ಸ್‌ಗೆ ಪ್ರಕ್ರಿಯೆಗಳ ನಕ್ಷೆ: ಚೌಕ ಎಷ್ಟು, ಬಾಣ ಎಲ್ಲಿಗೆ?

ಹಾಸನ_ಕ್ಯೂಎ (ಪ್ರಶ್ನೆ):
ನಮ್ಮದು ಹಾಸನದ ಹತ್ತಿರದ ಕಾಫಿ ಕ್ಯೂರಿಂಗ್ ವರ್ಕ್ಸ್, ಅಂದರೆ ಒಣಗಿದ ಕಾಫಿಯ ಸಿಪ್ಪೆ ಸುಲಿದು (ಹಲ್ಲಿಂಗ್), ಜರಡಿ ಹಿಡಿದು ವಿಂಗಡಿಸುವ (ಗ್ರೇಡಿಂಗ್) ಘಟಕ. ಸಕಲೇಶಪುರ, ಬೇಲೂರು ಕಡೆಯ ಬೆಳೆಗಾರರ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು), ಚೆರ್ರಿ (ಇಡೀ ಹಣ್ಣೇ ಒಣಗಿಸಿದ್ದು) ಎರಡೂ ಬರುತ್ತವೆ. ಗುಣಮಟ್ಟ ನಿರ್ವಹಣೆಯ ಮಾನದಂಡ ಐಎಸ್‌ಒ 9001:2015ಕ್ಕೆ ತಯಾರಿ ನಡೆದಿದೆ. ಪ್ರಕ್ರಿಯೆಗಳ ನಕ್ಷೆ ಬರೆದರೆ 23 ಚೌಕ ಆಗಿವೆ: ಗೋದಾಮು, ಮಿಲ್ಲು, ಲ್ಯಾಬ್, ಲೆಕ್ಕಪತ್ರ, ಹೀಗೆ. ಪ್ರತಿಯೊಂದರಿಂದ ಪ್ರತಿಯೊಂದಕ್ಕೂ ಎರಡು ತುದಿಯ ಬಾಣ. ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಚೌಕ ಸಾಕು? ಚಿತ್ರವೇ ಬೇಕಾ? ಕ್ವಾಲಿಟಿ ಮ್ಯಾನ್ಯುಯಲ್‌ನಲ್ಲಿ ಸೇರಿಸಲೇಬೇಕಾ?

ಮಲ್ನಾಡ್_ಆಡಿಟ್:
ಕೊನೆಯ ಪ್ರಶ್ನೆ ಮೊದಲು. 2008ರ ಆವೃತ್ತಿಯಲ್ಲಿ ಮ್ಯಾನ್ಯುಯಲ್ ಕಡ್ಡಾಯವಿತ್ತು, ಪ್ರಕ್ರಿಯೆಗಳ ನಂಟಿನ ವಿವರ ಅದರಲ್ಲೇ ಇರಬೇಕಿತ್ತು. 2015ರಲ್ಲಿ ಆ ಕಡ್ಡಾಯ ಹೋಯಿತು. ಈಗ ಕಲಂ 4.4.1 ಕೇಳುವುದು ಪ್ರತಿ ಪ್ರಕ್ರಿಯೆಯ ಇನ್‌ಪುಟ್, ಔಟ್‌ಪುಟ್, ಅವುಗಳ ಅನುಕ್ರಮ, ನಂಟು, ಅಳೆಯುವ ಮಾನದಂಡ, ಹೊಣೆಗಾರರು ಯಾರು ಎಂಬುದನ್ನು. ಚಿತ್ರವೇ ಆಗಬೇಕು ಅಂತಿಲ್ಲ, ಕೋಷ್ಟಕವೂ ನಡೆಯುತ್ತದೆ. ಆದರೂ ಒಂದು ಎ3 ಹಾಳೆಯ ಚಿತ್ರ ಇಟ್ಟುಕೊಳ್ಳಿ, ಕೆಲಸದವರಿಗೆ ತೋರಿಸಲು ಅದೇ ಸುಲಭ.

ನಿಮ್ಮ 23ರಲ್ಲಿ ಹೆಚ್ಚಿನವು ವಿಭಾಗಗಳು, ಪ್ರಕ್ರಿಯೆಗಳಲ್ಲ. ಗೋದಾಮು ಒಂದು ಜಾಗ, ಅಲ್ಲಿ ನಡೆಯುವುದು ‘ಕಾಫಿ ಸ್ವೀಕರಿಸುವುದು’, ‘ದಾಸ್ತಾನು ಕಾಯುವುದು’. ಚೌಕಕ್ಕೆ ಕೆಲಸದ ಹೆಸರು ಕೊಟ್ಟರೆ ಹತ್ತು–ಹನ್ನೆರಡಕ್ಕೆ ಇಳಿಯುತ್ತದೆ.

ಬಾಣಗಳನ್ನು ಮೀಟಿಂಗ್‌ನಲ್ಲಿ ಕೂತು ಊಹಿಸಬೇಡಿ. ಹೋದ ಸೀಸನ್‌ನಲ್ಲಿ ರವಾನೆಯಾದ ಒಂದು ಲಾಟ್ ಆರಿಸಿ. ಗೇಟಿನ ತೂಕದ ಚೀಟಿಯಿಂದ ಡೆಲಿವರಿ ಚಲನ್‌ವರೆಗೆ ಅದರ ಎಲ್ಲ ಕಾಗದ ತೆಗೆದು ತಾರೀಕಿನ ಪ್ರಕಾರ ಮೇಜಿನ ಮೇಲೆ ಹರಡಿ. ಕಾಗದ ಎಲ್ಲಿ ಕೈ ಬದಲಾಯಿಸಿತೋ ಅಲ್ಲೊಂದು ಬಾಣ. ಅದರ ಮೇಲೆ ಮೂರು ವಿಷಯ ಪೆನ್ಸಿಲ್‌ನಲ್ಲಿ ಬರೆಯಿರಿ: ಏನು ಹೋಗುತ್ತದೆ, ಯಾವ ಚೀಟಿಯಲ್ಲಿ, ‘ಇದು ಸರಿಯಿಲ್ಲ, ವಾಪಸ್’ ಅನ್ನುವ ಅಧಿಕಾರ ಯಾರಿಗೆ. ಮೂರನೆಯದು ಬರೆಯಲಾಗದ ಬಾಣ ಎಷ್ಟಿವೆ ಎಣಿಸಿ. ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಅಲ್ಲೇ.

ಹಲ್ಲರ್_ಸೆಕ್ಷನ್:
ಒಂದು ಬಾಣದ ಬಗ್ಗೆ ಮಾತ್ರ ಹೇಳುತ್ತೇನೆ, ಸ್ವೀಕಾರದಿಂದ ಹಲ್ಲಿಂಗ್‌ಗೆ. ಎಲ್ಲರೂ ಅದರ ಮೇಲೆ ‘ಕಾಫಿ’ ಅಂತ ಬರೆಯುತ್ತಾರೆ. ಹೋಗಬೇಕಾದದ್ದು ಕಾಫಿ ಮತ್ತು ಅದರ ತೇವಾಂಶದ ಅಂಕಿ. ಪಾರ್ಚ್‌ಮೆಂಟ್ ಶೇ 10, ಚೆರ್ರಿ ಶೇ 11ರ ಆಸುಪಾಸು ಇರಬೇಕು. ಅದಕ್ಕಿಂತ ಹಸಿ ಇದ್ದರೆ ಕಾಳು ಯಂತ್ರದಲ್ಲಿ ಅಮುಕಿ ಚಪ್ಪಟೆಯಾಗುತ್ತದೆ, ಆಮೇಲೆ ಬಣ್ಣವೂ ಕೆಡುತ್ತದೆ. ತೀರಾ ಒಣಗಿದ್ದರೆ ಒಡೆದು ಬಿಟ್ಸ್ ಜಾಸ್ತಿ. ಮೀಟರ್ ರೀಡಿಂಗ್ ಸ್ವೀಕಾರದ ರಿಜಿಸ್ಟರ್‌ನಲ್ಲೇ ಉಳಿದರೆ ಆಪರೇಟರ್‌ಗೆ ಗೊತ್ತಾಗುವುದು ಹೇಗೆ? ಲಾಟ್ ಕಾರ್ಡ್‌ಗೆ ಒಂದು ಖಾನೆ ಸೇರಿಸಿ. ಸ್ವೀಕಾರಕ್ಕೂ ಹಲ್ಲಿಂಗ್‌ಗೂ ನಡುವೆ ಮಳೆಗಾಲ ಬಂದರೆ ಮತ್ತೊಮ್ಮೆ ಅಳೆಯಬೇಕು, ಆ ಖಾನೆ ಬೇರೆ.

ವಾಪಸ್ ಬರುವ ಬಾಣ ಮರೆಯಬೇಡಿ. ಗ್ರೇಡಿಂಗ್‌ನಲ್ಲಿ ಬಿಟ್ಸ್ ಏರಿದ್ದು ಹಲ್ಲರ್‌ಗೆ ಅದೇ ಪಾಳಿಯಲ್ಲಿ ತಿಳಿಯಬೇಕು. ಲಾಟ್ ಮುಗಿದ ಮೇಲೆ ತಿಳಿದು ಪ್ರಯೋಜನವಿಲ್ಲ. ಹಾಗೇ ಮೆಂಟೆನೆನ್ಸ್‌ನಿಂದ ಗ್ರೇಡಿಂಗ್‌ಗೆ ಜರಡಿ ತಪಾಸಣೆಯ ಬಾಣ: 6.65 ಮಿ.ಮೀ. ಜರಡಿಯ ತೂತು ಸವೆದು ದೊಡ್ಡದಾದರೆ ‘ಎ’ಗೆ ಸೇರಬೇಕಾದ ಕಾಳು ಕೆಳಗಿನ ಗ್ರೇಡಿಗೆ ಉದುರುತ್ತದೆ, ನಷ್ಟ ಬೆಳೆಗಾರರಿಗೆ.

ಹಾಸನ_ಕ್ಯೂಎ:
ಇಬ್ಬರಿಗೂ ಧನ್ಯವಾದ ಸರ್. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಕಾಫಿ ನಾವು ಕೊಂಡದ್ದಲ್ಲ, ಬೆಳೆಗಾರರದ್ದೇ, ಹಾಗಾದರೆ ‘ಖರೀದಿ’ ಚೌಕಕ್ಕೆ ಬರುತ್ತದಾ? ಇನ್ನೊಂದು, ಕಲರ್ ಸಾರ್ಟಿಂಗ್ (ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವುದು) ಹೊರಗಡೆ ಮಾಡಿಸುತ್ತೇವೆ, ಅದನ್ನು ನಕ್ಷೆಯಲ್ಲಿ ಹೇಗೆ ತೋರಿಸುವುದು?

ಮಲ್ನಾಡ್_ಆಡಿಟ್:
ಬರುವುದಿಲ್ಲ. ಖರೀದಿಗೆ ಗೋಣಿಚೀಲ, ಬಿಡಿಭಾಗ ಇಂಥವು ಮಾತ್ರ. ಬೆಳೆಗಾರರ ಕಾಫಿ 8.5.3ರ ಪ್ರಕಾರ ಗ್ರಾಹಕರ ಸ್ವತ್ತು. ಗುರುತು ಹಚ್ಚಿ ಕಾಪಾಡಬೇಕು. ಕಳೆದರೆ, ಕೆಟ್ಟರೆ ಅವರಿಗೆ ತಿಳಿಸಿ ದಾಖಲೆ ಇಡಬೇಕು. ಆದ್ದರಿಂದ ಸ್ವೀಕಾರದಿಂದ, ದಾಸ್ತಾನಿನಿಂದ, ಹಲ್ಲಿಂಗ್‌ನಿಂದ ಬೆಳೆಗಾರರ ಕಡೆಗೆ ನೇರ ಬಾಣಗಳು ಇರಲೇಬೇಕು. ಔಟ್‌ಟರ್ನ್ (ಕೊಟ್ಟ ಕಾಫಿಯಿಂದ ಎಷ್ಟು ಕಾಳು ಸಿಕ್ಕಿತು ಎಂಬ ಲೆಕ್ಕ) ವರದಿ ಒಂದೇ ಸಾಲದು. ಔಟ್‌ಟರ್ನ್ ಕಡಿಮೆ ಬಂತು ಅಂತ ಅವರು ಜಗಳಕ್ಕೆ ಬಂದಾಗ ಬಂದ ದಿನದ ತೂಕ, ತೇವಾಂಶ, ಕಸ-ಕಡ್ಡಿಯ ಲೆಕ್ಕ ಒಂದೇ ಲಾಟ್ ನಂಬರಿನಲ್ಲಿ ಸಿಗಬೇಕು.

ಹೊರಗಿನ ಕಲರ್ ಸಾರ್ಟಿಂಗ್ 8.4ಕ್ಕೆ ಬರುತ್ತದೆ. ಹೊರಗೆ ನಡೆದರೂ ಹೊಣೆ ನಿಮ್ಮದೇ. ಚುಕ್ಕೆ ಗೆರೆಯ ಚೌಕ ಹಾಕಿ ನಕ್ಷೆಯಲ್ಲಿಡಿ. ಹೋಗುವ ಬಾಣದ ಮೇಲೆ ಲಾಟ್ ನಂಬರ್, ತೂಕ, ಚೀಲದ ಸಂಖ್ಯೆ, ಬರುವ ಬಾಣದ ಮೇಲೆ ಒಳ್ಳೆಯದೆಷ್ಟು, ರಿಜೆಕ್ಟ್ ಎಷ್ಟು. ರಿಜೆಕ್ಟ್ ಕೂಡ ಬೆಳೆಗಾರರದ್ದೇ, ಅದು ತೂಗಿ ವಾಪಸ್ ಬರಬೇಕು.

ಎಲ್ಲ ಮುಗಿದ ಮೇಲೆ ಎಕ್ಸೆಲ್‌ನಲ್ಲಿ ಅಡ್ಡಸಾಲಿಗೆ ಕೊಡುವ ಪ್ರಕ್ರಿಯೆ, ಉದ್ದಸಾಲಿಗೆ ಪಡೆಯುವ ಪ್ರಕ್ರಿಯೆ ಹಾಕಿ ಬಾಣಗಳನ್ನು ತುಂಬಿ. ಅಡ್ಡಸಾಲು ಪೂರ್ತಿ ಖಾಲಿ ಇದ್ದರೆ ಆ ಕೆಲಸದ ಔಟ್‌ಪುಟ್ ಯಾರಿಗೂ ತಲುಪುತ್ತಿಲ್ಲ ಅಂತ ಅರ್ಥ. ಹೆಚ್ಚಾಗಿ ಖಾಲಿ ಸಿಗುವುದು ಮೀಟರ್ ಕ್ಯಾಲಿಬ್ರೇಷನ್‌ನದು: ಸರ್ಟಿಫಿಕೇಟ್ ಫೈಲಿಗೆ ಸೇರಿರುತ್ತದೆ, ಮೀಟರ್ ಹಿಡಿಯುವವರಿಗೆ ಎಷ್ಟು ವ್ಯತ್ಯಾಸ ಸರಿಪಡಿಸಬೇಕು ಅನ್ನುವುದೇ ಗೊತ್ತಿರುವುದಿಲ್ಲ.