ಕಾವೇರಿಯಲ್ಲಿ ದೋಣಿ ಸಂತೆ ಬೇಡ ಭಾವ

ಭಾವ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ. ಪುಟ್ಟಿ ಥಾಯ್ಲೆಂಡಿನ ದಾಮ್ನೋನ್ ಸದುವಾಕ್‌ನಿಂದ ದೋಣಿ ಸಂತೆ ಫೋಟೋ ಹಾಕಿದಾಗ ನೀವು ಬರೆದ್ರಲ್ಲ, ಇಲ್ಲಿ ಕೊಡಗಿನಲ್ಲಿ ನಮ್ಮ ಕಾವೇರಿಯಲ್ಲೂ ಹತ್ತು ದೋಣಿ ಬಿಟ್ಟು ಕಾಫಿಪುಡಿ, ಜೇನು, ಕಾಳುಮೆಣಸು ಮಾರೋಣ ಅಂತ. ನನಗೆ ಅದು ಸರಿ ಕಾಣ್ತಿಲ್ಲ.

ಅಲ್ಲಿ ನೀರೇ ರಸ್ತೆ ಆಗಿತ್ತು ಭಾವ. ನಾಲ್ಕನೇ ರಾಮ ಅನ್ನೋ ರಾಜ ತೋಡಿಸಿದ ಕಾಲುವೆ ಅದು, 1868ರಲ್ಲಿ ಮುಗಿದದ್ದು, ಹತ್ತಿರ ಹತ್ತಿರ 32 ಕಿಲೋಮೀಟರ್ ಉದ್ದ. ಅದರಿಂದ ಕವಲೊಡೆದ ಸಣ್ಣ ಕಾಲುವೆಗಳು ತೋಟ ತೋಟಕ್ಕೂ ಹೋಗ್ತವೆ. ಹೆಂಗಸರು ಹಿತ್ತಿಲ ಮೆಟ್ಟಿಲಿಂದಲೇ ದೋಣಿಗೆ ತೆಂಗಿನಕಾಯಿ, ಹಣ್ಣು ತುಂಬ್ಕೊಂಡು ಹೊರಡ್ತಿದ್ರು. ಟಾರು ರಸ್ತೆ ಬಂದ ಮೇಲೆ ಆ ವ್ಯಾಪಾರ ಲಾರಿ ಹತ್ತಿತು, ಈಗ ಅಲ್ಲಿ ಹೆಚ್ಚಾಗಿ ನಡೆಯೋದು ಪ್ರವಾಸಿಗರಿಗಾಗಿ. ಅಲ್ಲೇ ಹತ್ತಿರ ಥಾ ಖಾ ಅಂತ ಇನ್ನೊಂದು ದೋಣಿ ಸಂತೆ ಇದೆ. ಅದು ಹಿಂದಿನಿಂದ ಸೇರ್ತಿದ್ದದ್ದು ತಿಥಿ ನೋಡಿ: ಬಿದಿಗೆ, ಸಪ್ತಮಿ, ದ್ವಾದಶಿ, ಶುಕ್ಲಪಕ್ಷಕ್ಕೂ ಕೃಷ್ಣಪಕ್ಷಕ್ಕೂ. ಯಾಕಂದ್ರೆ ಆ ದಿನ ಬೆಳಿಗ್ಗೆ ಸಮುದ್ರದ ಉಬ್ಬರ ಕಾಲುವೆಗೆ ನೀರು ತುಂಬಿಸುತ್ತೆ, ದೋಣಿ ಸಲೀಸಾಗಿ ಹೋಗುತ್ತೆ. ಎಂಥ ಲೆಕ್ಕಾಚಾರ ನೋಡಿ! ನನಗಂತೂ ಅದು ಕೇಳಿದಾಗಿಂದ ಅದೇ ಗುಂಗು. ಶ್ರೀನಗರದ ದಾಲ್ ಸರೋವರದಲ್ಲೂ ಹಾಗೇ, ನೀರಿನ ಮೇಲೆ ತೇಲೋ ತೋಟದ ತರಕಾರಿ ಬೆಳಕು ಹರಿಯೋ ಹೊತ್ತಿಗೆ ದೋಣಿಯಿಂದ ದೋಣಿಗೆ ಹೋಗಿಬಿಡುತ್ತೆ.

ನಮ್ಮ ಕಾವೇರಿಗೆ ಆ ಗುಣ ಇಲ್ಲ. ಬೇಸಿಗೆಯಲ್ಲಿ ಬರೀ ಬಂಡೆ, ಆಟಿ ತಿಂಗಳ ಮಳೆಯಲ್ಲಿ ರಭಸ. ನಮಗೆ ದೋಣಿ ಬೇಕಾಗಿದ್ದದ್ದು ಹೊಳೆ ದಾಟೋಕೆ, ಭಾಗಮಂಡಲದಲ್ಲಿ ನೀರು ರಸ್ತೆಗೆ ಬಂದಾಗ ಹತ್ತೋಕೆ. ಸಾಮಾನು ಬರ್ತಿದ್ದದ್ದು ಹೇರೆತ್ತಿನ ಮೇಲೆ, ಘಟ್ಟ ಹತ್ತಿ.

ನಮ್ಮದು ನೆಲದ ಸಂತೆ. ಮಡಿಕೇರಿಗೆ ಶುಕ್ರವಾರ, ಕುಶಾಲನಗರಕ್ಕೆ ಮಂಗಳವಾರ, ಗೋಣಿಕೊಪ್ಪಕ್ಕೆ ಭಾನುವಾರ. ಮಳೆಗಾಲದಲ್ಲಿ ಎಳೆ ಬಿದಿರಿನ ಕಣಿಲೆ, ಮರಕೆಸದ ಸೊಪ್ಪು, ಅಣಬೆ ತಂದು ಗೋಣಿ ಹಾಸಿ ಕೂರ್ತಾರಲ್ಲ ಆ ಅಜ್ಜಿಯರು, ಅವರೇ ನಮ್ಮ ದೋಣಿಯವರು. ಅವರಲ್ಲಿ ಎಷ್ಟೋ ಜನ ಕೊಡೆ ಹಿಡ್ಕೊಂಡೇ ದಿನ ಕಳೀತಾರೆ. ಹತ್ತು ದೋಣಿಗೆ ಸುರಿಯೋ ದುಡ್ಡು ನಿಮ್ಮ ಸಂಘದಲ್ಲಿ ನಿಜವಾಗ್ಲೂ ಇದ್ರೆ, ಅವರ ತಲೆ ಮೇಲೆ ಒಂದು ಶೀಟು, ಕೂರೋಕೆ ಎತ್ತರದ ಕಟ್ಟೆ ಮಾಡಿಸಿ ಭಾವ. ಪಂಚಾಯಿತಿಗೆ ಅರ್ಜಿ ನಾನೇ ಬರೆದುಕೊಡ್ತೀನಿ.

ಪುಟ್ಟಿ, ನೀನಿನ್ನೂ ಅಲ್ಲೇ ಇದ್ರೆ ಪ್ರವಾಸಿಗರ ಬಸ್ಸು ಬರೋ ಮುಂಚೆ, ಬೆಳಿಗ್ಗೆ ಬೇಗ ಹೋಗು. ಹಣ್ಣು ಮಾರೋ ಹೆಂಗಸನ್ನ ಕೇಳು, ಸ್ವಂತ ತೋಟದ್ದಾ, ಮಂಡಿಯಿಂದ ತಂದದ್ದಾ ಅಂತ. ಅವಳು ಏನಂದಳೋ ಇಲ್ಲಿ ಹಾಕು.