ನಿಂತಿದ್ದ ಲಾರಿಗೆ ಕಾರು ಗುದ್ದಿದೆ, ಚಾರ್ಜ್‌ಶೀಟ್ ಭಾವನ ಮೇಲೆ. ಅಕ್ಕನ ಪರಿಹಾರವೂ ಕಡಿಮೆ ಆಗುತ್ತಾ?

ದುರ್ಗದ_ಹುಡುಗ:
ದಸರಾ ರಜೆಯಲ್ಲಿ ಅಕ್ಕ, ಭಾವ ರಾತ್ರಿ ಚಿತ್ರದುರ್ಗದಿಂದ ಬೆಂಗಳೂರಿಗೆ ಹೊರಟಿದ್ದರು. ಹಿರಿಯೂರು ದಾಟಿದ ಮೇಲೆ ಹೈವೇ ಎಡಗಡೆ ಲೇನ್‌ನಲ್ಲೇ ಲಾರಿ ಕೆಟ್ಟು ನಿಂತಿತ್ತು. ಪಾರ್ಕಿಂಗ್ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ, ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ ಕೂಡ ಇಟ್ಟಿರಲಿಲ್ಲ. ಬ್ರೇಕ್ ಹಾಕುವಷ್ಟರಲ್ಲಿ ಗುದ್ದಿ ಆಗಿತ್ತು. ಅಕ್ಕನ ತೊಡೆ ಮೂಳೆ ಮುರಿದು ರಾಡ್ ಹಾಕಿದ್ದಾರೆ, ಭಾವನಿಗೆ ಮುಂಗೈ ಫ್ರ್ಯಾಕ್ಚರ್. ಹಿಂದಿನಿಂದ ಗುದ್ದಿದವನದೇ ತಪ್ಪು ಅಂತ ಪೊಲೀಸರು ಭಾವನ ಮೇಲೇ ಚಾರ್ಜ್‌ಶೀಟ್ ಹಾಕಿದ್ದಾರೆ. ಲಾರಿ ಇನ್ಶೂರೆನ್ಸ್ ಕಡೆಯವರು "ಇಬ್ಬರಿಗೂ ಅರ್ಧ ಕಟ್ ಆಗುತ್ತೆ" ಅಂತಿದ್ದಾರೆ. ಭಾವ ಸ್ವಲ್ಪ ಸ್ಪೀಡಾಗಿದ್ದಿದ್ದು ನಿಜ. ಆದರೆ ಅಕ್ಕ ಸುಮ್ನೆ ಪಕ್ಕದಲ್ಲಿ ಕೂತಿದ್ದಳು, ಅವಳದೂ ಯಾಕೆ ಕಟ್ ಆಗಬೇಕು?

ವಕೀಲ_ಸಾಹೇಬ:
ಅಕ್ಕನದು ಕಟ್ ಆಗಲ್ಲ. ಇಬ್ಬರ ಲೆಕ್ಕವೂ ಬೇರೆ ಬೇರೆ, ಅವರು ಬೇಕಂತಲೇ ಒಂದೇ ಮಾಡಿ ಹೇಳ್ತಿದ್ದಾರೆ.

ಭಾವ ಡ್ರೈವ್ ಮಾಡುತ್ತಿದ್ದವರು. ಅವರದೂ ಶೇ 30 ತಪ್ಪು ಅಂತ ಟ್ರಿಬ್ಯುನಲ್ (ಅಪಘಾತ ಪರಿಹಾರದ ಕೇಸು ನೋಡೋ ಕೋರ್ಟು) ಹೇಳಿದರೆ, 6 ಲಕ್ಷ ಬರಬೇಕಾದಲ್ಲಿ 4.2 ಲಕ್ಷ ಬರುತ್ತೆ. ಅಕ್ಕನ ತಪ್ಪು ಏನೂ ಇಲ್ಲ. ಎರಡು ಗಾಡಿಯವರ ತಪ್ಪಿನಿಂದ ಮೂರನೆಯವರಿಗೆ ಪೆಟ್ಟಾದರೆ, ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲಿ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಖೆನ್ಯೇಯಿ ಕೇಸಿನಲ್ಲಿ ಹೇಳಿದೆ. ಯಾರ ಪಾಲು ಎಷ್ಟು ಅನ್ನೋದನ್ನು ಆಮೇಲೆ ಅವರವರೇ ಬಗೆಹರಿಸಿಕೊಳ್ಳಲಿ, ಅದು ಅಕ್ಕನ ತಲೆನೋವಲ್ಲ.

ಆದರೂ ಅಕ್ಕನ ಅರ್ಜಿಯಲ್ಲಿ ಲಾರಿ ಮಾಲೀಕ, ಲಾರಿ ಇನ್ಶೂರೆನ್ಸ್ ಜೊತೆಗೆ ನಿಮ್ಮ ಕಾರಿನ ಇನ್ಶೂರೆನ್ಸ್ ಕಂಪನಿಯನ್ನೂ ಪಾರ್ಟಿ ಮಾಡಿ. ಲಾರಿಯದು ತಪ್ಪೇ ಇಲ್ಲ ಅಂತ ತೀರ್ಪು ಬಂದರೆ ಕೈ ಖಾಲಿ ಆಗಬಾರದಲ್ವಾ. ಕಾರಿನ ಪಾಲಿಸಿ ಯಾವುದು ನೋಡಿಕೊಳ್ಳಿ. ಬರೀ ಥರ್ಡ್ ಪಾರ್ಟಿ ಆಗಿದ್ದರೆ ಕಾರಿನೊಳಗೆ ಕೂತವರಿಗೆ ಸಾಮಾನ್ಯವಾಗಿ ಕವರ್ ಇರಲ್ಲ, ಪ್ಯಾಕೇಜ್ ಪಾಲಿಸಿ (ಸ್ವಂತ ಗಾಡಿಯ ಹಾನಿಗೂ ಕವರ್ ಇರೋದು) ಇದ್ದರೆ ಇರುತ್ತೆ.

ಗೇರ್_ಮಂಜ:
ಅಕ್ಕ ಸೀಟ್ ಬೆಲ್ಟ್ ಹಾಕಿದ್ರಾ? ಇಲ್ಲಾಂದ್ರೆ ಅದನ್ನೇ ಹಿಡ್ಕೋತಾರೆ ನೋಡಿ.

ವಕೀಲ_ಸಾಹೇಬ:
ಹಿಡ್ಕೊಳ್ಳಲಿ. ರೂಲ್ಸ್ ಮುರಿದರು ಅಂದ ಮಾತ್ರಕ್ಕೆ ಹಣ ಕಟ್ ಮಾಡೋಕಾಗಲ್ಲ. ಬೈಕಲ್ಲಿ ಮೂರು ಜನ ಹೋಗಿದ್ದ ಕೇಸೊಂದರಲ್ಲಿ ಹೈಕೋರ್ಟ್ ಅದಕ್ಕೇ ಶೇ 10 ಕಡಿತ ಮಾಡಿತ್ತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮೂರು ಜನ ಕೂತಿದ್ದರಿಂದಲೇ ಅಪಘಾತ ಆಯ್ತು, ಇಲ್ಲವೇ ಪೆಟ್ಟು ಜಾಸ್ತಿ ಆಯ್ತು ಅಂತ ಸಾಬೀತಾಗಬೇಕು. ಸೀಟ್ ಬೆಲ್ಟ್‌ಗೂ ಇದೇ ವಾದ ಮಾಡಬಹುದು.

ಕೋರ್ಟ್_ಮೆಟ್ಟಿಲು:
ವಕೀಲರು ಹೇಳಿದ್ದು ಸರಿ, ಆದರೆ ಭಾವನ ಕೇಸು ಅಷ್ಟು ಸುಲಭ ಅಲ್ಲ. ನಮ್ಮ ಚಿಕ್ಕಪ್ಪನ ಕೇಸೂ ನಿಂತ ಲಾರಿಗೆ ಗುದ್ದಿದ್ದೇ, ಟ್ರಿಬ್ಯುನಲ್ ಕಣ್ಣುಮುಚ್ಚಿ ಅರ್ಧ ಅರ್ಧ ಮಾಡಿಬಿಟ್ಟಿತು, ಯಾಕಂದ್ರೆ ಲಾರಿಗೆ ಲೈಟ್ ಇರಲಿಲ್ಲ ಅನ್ನೋಕೆ ಬಾಯಿಮಾತು ಬಿಟ್ಟು ನಮ್ಮ ಹತ್ತಿರ ಏನೂ ಇರಲಿಲ್ಲ. ಮಹಜರು, ಸ್ಕೆಚ್, ಮೋಟಾರು ವಾಹನ ಇನ್‌ಸ್ಪೆಕ್ಟರ್ ರಿಪೋರ್ಟ್, ಮೂರರ ನಕಲನ್ನೂ ಈಗಲೇ ತಗೊಳ್ಳಿ. ಸ್ಕೆಚ್‌ನಲ್ಲಿ ಲಾರಿ ಡಾಂಬರಿನ ಮೇಲಿದೆಯೋ ಮಣ್ಣಿನ ಮೇಲಿದೆಯೋ ನೋಡಿ. ಆ ಒಂದು ಗೆರೆ ಮೇಲೆ ಲಕ್ಷಗಟ್ಟಲೆ ನಿಂತಿರುತ್ತೆ.

ವಕೀಲ_ಸಾಹೇಬ:
ನೂರಕ್ಕೆ ನೂರು ನಿಜ. ಚಾರ್ಜ್‌ಶೀಟ್ ಇದೆ ಅಂತ ಕೈಚೆಲ್ಲಬೇಡಿ, ಅದು ಒಂದು ಸಾಕ್ಷ್ಯ ಅಷ್ಟೇ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಹೀಗೇ ಒಂದು ಕೇಸ್ ಬಂದಿತ್ತು. ರಾತ್ರಿ ಲೈಟಿಲ್ಲದೆ ರಸ್ತೆಯಲ್ಲಿ ನಿಂತ ಗ್ಯಾಸ್ ಟ್ಯಾಂಕರಿಗೆ ಕಾರು ಗುದ್ದಿತ್ತು. ಹೈಕೋರ್ಟ್ ಕಾರಿನವರದೂ ಅರ್ಧ ತಪ್ಪು ಅಂದಿತ್ತು, ಸುಪ್ರೀಂ ಕೋರ್ಟ್ ಪೂರ್ತಿ ತಪ್ಪು ಟ್ಯಾಂಕರಿನದೇ ಅಂದಿತು. ಆದರೆ ಅಲ್ಲಿ ಟ್ಯಾಂಕರಿಗೆ ಲೈಟ್ ಇರಲಿಲ್ಲ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇತ್ತು.

ದುರ್ಗದ_ಹುಡುಗ:
ತುಂಬಾ ಥ್ಯಾಂಕ್ಸ್ ಸರ್. ಆಂಬುಲೆನ್ಸ್ ಬರೋ ಮುಂಚೆ ಯಾರೋ ತೆಗೆದ ವಿಡಿಯೋ ಇದೆ, ಲಾರಿ ಹಿಂಭಾಗ ಪೂರ್ತಿ ಕತ್ತಲು. ಕೇಸ್ ಹಾಕೋಕೆ ಹಿರಿಯೂರಿಗೇ ಓಡಾಡಬೇಕಾ? ಲೋಕ ಅದಾಲತ್‌ಗೆ ಬನ್ನಿ, ಬೇಗ ಮುಗಿಸೋಣ ಅಂತಲೂ ಇನ್ಶೂರೆನ್ಸ್‌ನವರು ಕರೀತಿದ್ದಾರೆ.

ವಕೀಲ_ಸಾಹೇಬ:
ಬೇಡ, ನೀವು ವಾಸ ಇರೋ ಕಡೆನೇ ಹಾಕಬಹುದು. ಬೆಂಗಳೂರಾದರೆ ಟ್ರಿಬ್ಯುನಲ್ ಇರೋದು ಸ್ಮಾಲ್ ಕಾಸಸ್ ಕೋರ್ಟಲ್ಲಿ. ಅಪಘಾತ ಆಗಿ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಕಾನೂನಿಗೆ ತಿದ್ದುಪಡಿ ಆಗಿದೆ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ತಡ ಮಾಡಬೇಡಿ. ಲೋಕ ಅದಾಲತ್‌ನಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಅಪೀಲು ಇಲ್ಲ, ಅಕ್ಕನ ರಾಡ್ ತೆಗೆಸೋ ಆಪರೇಷನ್ ಖರ್ಚೂ ಲೆಕ್ಕಕ್ಕೆ ಬರೋವರೆಗೂ ಅಲ್ಲಿಗೆ ಹೋಗಬೇಡಿ. ಆ ವಿಡಿಯೋ ತೆಗೆದವರ ನಂಬರ್ ಇವತ್ತೇ ಹುಡುಕಿ ಇಟ್ಟುಕೊಳ್ಳಿ, ಸಾಕ್ಷಿ ಹೇಳೋಕೆ ಅವರೇ ಬರಬೇಕಾಗುತ್ತೆ.